ನಿಮ್ಮ ತಾರಸಿಯಿಂದಲೇ ವಿಮಾನಗಳ ಜಾಡು: ಮೈಸೂರು–ಮಂಡ್ಯದ ಮನೆಗಳಿಗೆ ಒಂದು ಸಮಗ್ರ ಮಾರ್ಗದರ್ಶಿ

ಮೈಸೂರು, ಮಂಡ್ಯದ ಮೇಲೆ ಹಗಲು ರಾತ್ರಿ ವಿಮಾನಗಳು ಹಾದು ಹೋಗುತ್ತಲೇ ಇರುತ್ತವೆ. ಹೆಚ್ಚಿನವು ಇಲ್ಲಿ ಇಳಿಯುವುದಿಲ್ಲ. ತುಂಬಾ ಎತ್ತರದಲ್ಲಿ ಹೋಗುವುದರಿಂದ ಸದ್ದೂ ಸರಿಯಾಗಿ ಕೇಳಿಸುವುದಿಲ್ಲ. ಆದರೆ ತಾವು ಯಾರು, ಎಲ್ಲಿದ್ದೇವೆ, ಎಷ್ಟು ಎತ್ತರದಲ್ಲಿ, ಎಷ್ಟು ವೇಗದಲ್ಲಿ ಹೋಗುತ್ತಿದ್ದೇವೆ ಅನ್ನುವುದನ್ನು ಅವು ರೇಡಿಯೊ ಮೂಲಕ ಬಿಡುವಿಲ್ಲದೆ ಹೇಳುತ್ತಿರುತ್ತವೆ. ಆ ಮಾತಿಗೆ ಬೀಗ ಹಾಕಿಲ್ಲ. ಒಂದು ಪುಟ್ಟ ಕಂಪ್ಯೂಟರ್, ಬೆರಳುದ್ದದ ಯುಎಸ್‌ಬಿ ರಿಸೀವರ್ ಮತ್ತು ಕೈಯಲ್ಲೇ ಮಾಡಿಕೊಳ್ಳಬಹುದಾದ ಒಂದು ಆಂಟೆನಾ ಇದ್ದರೆ ಮನೆಯಲ್ಲೇ ಕೂತು ನಕ್ಷೆಯ ಮೇಲೆ ನೋಡಬಹುದು.

ಇದನ್ನು ಶುರು ಮಾಡುವವರಲ್ಲಿ ಹೆಚ್ಚಿನವರು ದುಬಾರಿ ಕಂಪ್ಯೂಟರ್‌ಗೆ ದುಡ್ಡು ಹಾಕಿ, ಆಂಟೆನಾವನ್ನು ಕಿಟಕಿಯ ಪಕ್ಕ ಇಟ್ಟು ಸುಮ್ಮನಾಗುತ್ತಾರೆ. ಆಗಬೇಕಾದದ್ದು ಇದರ ತಿರುವುಮುರುವು. ಕಂಪ್ಯೂಟರ್ ಹಳೆಯದಾದರೂ ನಡೆಯುತ್ತದೆ. ಆಂಟೆನಾಕ್ಕೆ ಮಾತ್ರ ನಾಲ್ಕೂ ದಿಕ್ಕಿನ ಆಕಾಶ ಬೇಕು. ಈ ಬರಹದ ಅರ್ಧ ಭಾಗ ಅದರ ಬಗ್ಗೆಯೇ ಇದೆ.

ನಾವು ಕೇಳಿಸಿಕೊಳ್ಳುವುದು ಏನನ್ನು?

ಈ ವ್ಯವಸ್ಥೆಯ ಹೆಸರು ಎಡಿಎಸ್-ಬಿ. ವಿಮಾನ ಜಿಪಿಎಸ್‌ನಿಂದ ತನ್ನ ಜಾಗ ತಿಳಿದುಕೊಂಡು 1090 ಮೆಗಾಹರ್ಟ್ಸ್‌ನಲ್ಲಿ ಪ್ರಸಾರ ಮಾಡುತ್ತದೆ. ಒಂದೊಂದು ಸಂದೇಶ 112 ಬಿಟ್. ಅದು ಮುಗಿಯಲು 120 ಮೈಕ್ರೊಸೆಕೆಂಡ್ ಸಾಕು. ಹಾರುತ್ತಿರುವ ವಿಮಾನ ಸೆಕೆಂಡಿಗೆ ಸುಮಾರು ಎರಡು ಸಲ ಜಾಗವನ್ನೂ, ಎರಡು ಸಲ ವೇಗವನ್ನೂ ಹೇಳುತ್ತದೆ. ಹೆಸರು, ಅಂದರೆ ಕಾಲ್‌ಸೈನ್, ಸುಮಾರು 5 ಸೆಕೆಂಡಿಗೊಮ್ಮೆ ಬರುತ್ತದೆ. ಹೊಸ ವಿಮಾನ ಪರದೆಯ ಮೇಲೆ ಮೊದಲು ಬರೀ ಒಂದು ಸಂಖ್ಯೆಯಾಗಿ ಕಾಣಿಸಿಕೊಂಡು, ಆಮೇಲೆ ಅದಕ್ಕೆ ಹೆಸರು ಬರುವುದು ಇದರಿಂದಲೇ.

ಇನ್ನೊಂದು ವಿಷಯ. ಜಾಗದ ಮಾಹಿತಿ ಎರಡು ಬಗೆಯ ಸಂದೇಶಗಳಲ್ಲಿ ಹಂಚಿಕೊಂಡು ಬರುತ್ತದೆ, ಸಮ ಮತ್ತು ಬೆಸ. ಎರಡೂ ಸಿಕ್ಕಿದಾಗಲೇ ವಿಮಾನ ಎಲ್ಲಿದೆ ಎಂದು ಮೊದಲ ಸಲ ಗೊತ್ತಾಗುವುದು. ಆದ್ದರಿಂದ ಪಟ್ಟಿಯಲ್ಲಿ ಇದ್ದು ನಕ್ಷೆಯಲ್ಲಿ ಇಲ್ಲದ ವಿಮಾನ ಕಂಡರೆ ಗಾಬರಿ ಬೇಡ. ಒಂದೋ ಅದು ತುಂಬಾ ದೂರ ಇದೆ, ಇಲ್ಲವೇ ಅದು ಜಾಗವನ್ನೇ ಹೇಳುತ್ತಿಲ್ಲ.

ನಾವಿಲ್ಲಿ ಏನನ್ನೂ ಪ್ರಸಾರ ಮಾಡುವುದಿಲ್ಲ, ಬರೀ ಕೇಳುತ್ತೇವೆ. ಆದರೂ ನಮ್ಮಲ್ಲಿ ರೇಡಿಯೊ ಉಪಕರಣಗಳಿಗೆ ಕಾನೂನು ಇದೆ. 1933ರ ವೈರ್‌ಲೆಸ್ ಕಾಯ್ದೆಯನ್ನು ಬದಲಿಸಲು 2023ರ ದೂರಸಂಪರ್ಕ ಕಾಯ್ದೆ ಬಂದಿದೆ. ಕೊಳ್ಳುವ ಮೊದಲು ಊರಿನ ಹ್ಯಾಮ್ ರೇಡಿಯೊ (ಹವ್ಯಾಸಿ ರೇಡಿಯೊ) ಬಳಗದವರನ್ನು ಒಂದು ಮಾತು ಕೇಳಿ. ಅವರಿಗೆ ಈಗಿನ ನಿಯಮವೂ ಗೊತ್ತಿರುತ್ತದೆ, ಆಂಟೆನಾ ಕಟ್ಟುವುದರಲ್ಲೂ ಪಳಗಿದ ಕೈ.

ಸಾಮಾನು

ಕಂಪ್ಯೂಟರ್: ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್‌ನ 3 ಅಥವಾ 4ನೇ ಮಾದರಿ ಸಾಕು. ಪೈ ಜೀರೊ 2 ಡಬ್ಲ್ಯೂ ಕೂಡ ನಡೆಯುತ್ತದೆ. ಪೈ 5 ಕೊಂಡರೆ ಒಂದು ವಿಮಾನವೂ ಜಾಸ್ತಿ ಕಾಣುವುದಿಲ್ಲ. ಪವರ್ ಅಡಾಪ್ಟರ್ ಮಾತ್ರ ಒಳ್ಳೆಯದೇ ಇರಲಿ. ಪೈ 4ಕ್ಕೆ 5 ವೋಲ್ಟ್ 3 ಆಂಪಿಯರ್ ಬೇಕು. ಮೂಲೆಯಲ್ಲಿ ಬಿದ್ದಿರುವ ಮೊಬೈಲ್ ಚಾರ್ಜರ್ ಹಾಕಿದರೆ ಕಂಪ್ಯೂಟರ್ ಆಗಾಗ ತಾನೇ ಮರುಚಾಲೂ ಆಗುತ್ತದೆ, ಕಾರಣ ಹುಡುಕಿ ಹುಡುಕಿ ಸಾಕಾಗುತ್ತದೆ. ಜೊತೆಗೆ 16 ಅಥವಾ 32 ಜಿಬಿಯ ಒಳ್ಳೆಯ ಮೈಕ್ರೊ ಎಸ್‌ಡಿ ಕಾರ್ಡ್.

ರಿಸೀವರ್: ಇದನ್ನು ಆರ್‌ಟಿಎಲ್-ಎಸ್‌ಡಿಆರ್ ಡಾಂಗಲ್ ಅನ್ನುತ್ತಾರೆ. ಮೂಲತಃ ಇದು ಕಂಪ್ಯೂಟರ್‌ನಲ್ಲಿ ಡಿಜಿಟಲ್ ಟಿವಿ ನೋಡಲು ಮಾಡಿದ ವಸ್ತು. ಒಳಗಿನ ಆರ್‌ಟಿಎಲ್2832ಯು ಚಿಪ್‌ನಿಂದ ಕಚ್ಚಾ ರೇಡಿಯೊ ಸಂಕೇತವನ್ನೇ ಹೊರತೆಗೆಯಬಹುದು ಎಂದು ಹವ್ಯಾಸಿಗಳು ಕಂಡುಕೊಂಡರು. 2012ರ ಹೊತ್ತಿಗೆ ಅದು ಎಲ್ಲ ಕಡೆ ಹಬ್ಬಿತು, ಈ ಹವ್ಯಾಸ ಸಾಮಾನ್ಯರ ಕೈಗೆಟುಕಿತು. ಇವತ್ತು ಕೊಳ್ಳುವುದಾದರೆ ಎರಡು ದಾರಿ. ಒಂದು, ಆರ್‌ಟಿಎಲ್-ಎಸ್‌ಡಿಆರ್ ಬ್ಲಾಗ್‌ನವರ ಡಾಂಗಲ್. ಬೇರೆ ರೇಡಿಯೊ ಪ್ರಯೋಗಕ್ಕೂ ಬರುತ್ತದೆ. ಇನ್ನೊಂದು, ವಿಮಾನಗಳ ಜಾಡು ತೋರಿಸುವ ಫ್ಲೈಟ್‌ಅವೇರ್ ಜಾಲದವರ ನೀಲಿ ಬಣ್ಣದ ಪ್ರೊ ಸ್ಟಿಕ್ ಪ್ಲಸ್. ಅದರೊಳಗೇ ಆಂಪ್ಲಿಫೈಯರ್ ಮತ್ತು 1090ರ ಫಿಲ್ಟರ್ ಇದೆ. ಬರೀ ವಿಮಾನವೇ ಗುರಿಯಾಗಿದ್ದರೆ ನಾನು ಎರಡನೆಯದನ್ನೇ ಹೇಳುತ್ತೇನೆ. ಯಾಕೆಂದರೆ ನಮ್ಮ 2ಜಿ ಮೊಬೈಲ್ ಟವರ್‌ಗಳು 935–960 ಮೆಗಾಹರ್ಟ್ಸ್‌ನಲ್ಲಿ ಪ್ರಸಾರ ಮಾಡುತ್ತವೆ. 1090ಕ್ಕೆ ಅದು ತೀರಾ ಪಕ್ಕ. ಟವರ್ ಹತ್ತಿರ ಇರುವ ಮನೆಗಳಲ್ಲಿ ಫಿಲ್ಟರ್ ಇಲ್ಲದ ಡಾಂಗಲ್ ಆ ಅಬ್ಬರದಲ್ಲಿ ಕಿವುಡಾಗುತ್ತದೆ.

ಆಂಟೆನಾಕ್ಕೆ ಬೇಕಾದ ಬಿಡಿಭಾಗಗಳು ಬೆಂಗಳೂರಿನ ಎಸ್‌ಪಿ ರೋಡ್‌ನಲ್ಲಿ ಸಿಗುತ್ತವೆ. ಮೈಸೂರಿನ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲೂ ವಿಚಾರಿಸಿ.

ಹೆಜ್ಜೆ 1: ಬರಿಗೈಯಲ್ಲಿ ತಾರಸಿ ಹತ್ತಿ

ಏನನ್ನೂ ಕೊಳ್ಳುವ ಮುಂಚೆ ಈ ಕೆಲಸ ಮಾಡಿ. 1090 ಮೆಗಾಹರ್ಟ್ಸ್‌ನ ಅಲೆ ಹೆಚ್ಚುಕಡಿಮೆ ನೇರ ಗೆರೆಯಲ್ಲೇ ಸಾಗುತ್ತದೆ. ಅಡ್ಡ ಬಂದ ಗೋಡೆ, ಬೆಟ್ಟ, ನೀರು ತುಂಬಿದ ಟ್ಯಾಂಕ್ ದಾಟಿ ಬರುವುದು ಕಷ್ಟ. ಭೂಮಿಯ ಉಬ್ಬು ಕೂಡ ಅಡ್ಡವೇ. ಅದರ ಲೆಕ್ಕ ಸುಲಭ: ವಿಮಾನದ ಎತ್ತರವನ್ನು ಮೀಟರ್‌ನಲ್ಲಿ ತೆಗೆದುಕೊಂಡು ವರ್ಗಮೂಲ ಮಾಡಿ 4.12ರಿಂದ ಗುಣಿಸಿ. ಆಂಟೆನಾದ ಎತ್ತರಕ್ಕೂ ಹಾಗೇ ಮಾಡಿ. ಎರಡನ್ನೂ ಕೂಡಿದರೆ ಎಷ್ಟು ಕಿಲೋಮೀಟರ್ ದೂರದವರೆಗೆ ಕೇಳಿಸಬಹುದು ಅನ್ನುವುದು ಬರುತ್ತದೆ.

10,000 ಮೀಟರ್ ಎತ್ತರದ ವಿಮಾನಕ್ಕೆ 412 ಕಿ.ಮೀ. ನೆಲದಿಂದ 10 ಮೀಟರ್ ಮೇಲಿರುವ ಆಂಟೆನಾಕ್ಕೆ 13 ಕಿ.ಮೀ. ಒಟ್ಟು 425. ಮೈಸೂರಿನಿಂದ ಚೆನ್ನೈ ವಿಮಾನ ನಿಲ್ದಾಣ ನೇರ ಗೆರೆಯಲ್ಲಿ 400 ಕಿ.ಮೀ.ಗೆ ತುಸು ಒಳಗೇ ಇದೆ. ಅಂದರೆ ಎಲ್ಲ ಕೂಡಿಬಂದರೆ ಚೆನ್ನೈ ಮೇಲೆ ಎತ್ತರದಲ್ಲಿ ಹೋಗುವ ವಿಮಾನವೂ ಲೆಕ್ಕಕ್ಕೆ ಸಿಗುತ್ತದೆ.

ಈಗ ಆ 13 ಕಿ.ಮೀ. ಗಮನಿಸಿ. ಆಂಟೆನಾವನ್ನು 10 ಮೀಟರ್ ಬದಲು 3 ಮೀಟರ್‌ನಲ್ಲಿ ಇಟ್ಟರೆ ಅದು 7 ಆಗುತ್ತದೆ. ಕಳೆದುಕೊಂಡದ್ದು ಬರೀ 6 ಕಿ.ಮೀ. ಹಾಗಾದರೆ ತಾರಸಿ ಯಾಕೆ ಬೇಕು? ಅಕ್ಕಪಕ್ಕದ ಅಡ್ಡಗಳನ್ನು ದಾಟಲು. 200 ಕಿ.ಮೀ. ದೂರದಲ್ಲಿ 10,000 ಮೀಟರ್ ಎತ್ತರದಲ್ಲಿರುವ ವಿಮಾನ ನಮ್ಮ ದಿಗಂತದಿಂದ ಕೇವಲ 2 ಡಿಗ್ರಿ ಮೇಲಿರುತ್ತದೆ. ಕೈ ನೇರ ಚಾಚಿ ಹೆಬ್ಬೆರಳು ಹಿಡಿದರೆ ಅದರ ಅಗಲ ಸುಮಾರು 2 ಡಿಗ್ರಿ. ನಿಮ್ಮಿಂದ 20 ಮೀಟರ್ ದೂರದಲ್ಲಿ ಪಕ್ಕದ ಮನೆ ನಿಮ್ಮ ಆಂಟೆನಾಕ್ಕಿಂತ 3 ಮೀಟರ್ ಎತ್ತರ ಇದೆ ಅಂದುಕೊಳ್ಳಿ. ಅದು 8 ಡಿಗ್ರಿಗೂ ಜಾಸ್ತಿ ಮುಚ್ಚುತ್ತದೆ. ಆ ದಿಕ್ಕಿನಲ್ಲಿ ಸುಮಾರು 65 ಕಿ.ಮೀ. ಆಚೆಗಿನ ವಿಮಾನಗಳೆಲ್ಲ ಆ ಮನೆಯ ಹಿಂದೆ ಅಡಗಿದ ಹಾಗೆ. ಒಂದೇ ಒಂದು ಅಂತಸ್ತು, ಮುನ್ನೂರು ಕಿಲೋಮೀಟರ್ ಆಕಾಶ ಹೋಯಿತು.

ಆದ್ದರಿಂದ ಹೆಬ್ಬೆರಳು ಚಾಚಿ ತಾರಸಿಯ ಮೇಲೆ ಒಂದು ಸುತ್ತು ತಿರುಗಿ. ದಿಗಂತದಿಂದ ಎಷ್ಟು ಬೆರಳು ಎತ್ತರದವರೆಗೆ ಏನೇನು ಅಡ್ಡ ಇದೆ, ಯಾವ ದಿಕ್ಕಿನಲ್ಲಿ, ಒಂದು ಹಾಳೆಯಲ್ಲಿ ಗುರುತು ಮಾಡಿಕೊಳ್ಳಿ. ತೆಂಗಿನ ಮರವನ್ನೂ ಬಿಡಬೇಡಿ. ಮಳೆಯಲ್ಲಿ ನೆನೆದ ಗರಿಗಳು ಈ ಅಲೆಯನ್ನು ಚೆನ್ನಾಗಿಯೇ ತಡೆಯುತ್ತವೆ. ಹೆಚ್ಚಿನ ಮನೆಗಳಲ್ಲಿ ಉತ್ತರ ಒಂದೇ ಬರುತ್ತದೆ: ಮೆಟ್ಟಿಲು ಕೋಣೆಯ ನೆತ್ತಿ, ಇಲ್ಲವೇ ನೀರಿನ ಟ್ಯಾಂಕ್‌ಗಿಂತ ಒಂದು ಆಳು ಮೇಲೆ ಬರುವಂತೆ ನಿಲ್ಲಿಸಿದ ಪೈಪ್.

ಮೈಸೂರಿನವರಿಗೆ ಚಾಮುಂಡಿ ಬೆಟ್ಟದ ಲೆಕ್ಕವೂ ಇದೆ. ಬೆಟ್ಟ ಊರಿಗಿಂತ ಸುಮಾರು 300 ಮೀಟರ್ ಮೇಲಿದೆ. 5 ಕಿ.ಮೀ. ದೂರದ ಮನೆಗೆ ಅದು ಮೂರೂವರೆ ಡಿಗ್ರಿ ಮುಚ್ಚುತ್ತದೆ. ಆ ದಿಕ್ಕಿನಲ್ಲಿ 140–150 ಕಿ.ಮೀ. ಆಚೆ ಏನೂ ಕಾಣದಿದ್ದರೆ ಉಪಕರಣದಲ್ಲಿ ದೋಷ ಹುಡುಕಬೇಡಿ. ಮಂಡ್ಯದ ನಾಲೆ ಬಯಲಿನಲ್ಲಿ ಮನೆ ಇರುವವರು ಈ ವಿಷಯದಲ್ಲಿ ಅದೃಷ್ಟವಂತರು. ಕಬ್ಬಿನ ಗದ್ದೆ ಯಾವ ಆಂಟೆನಾಕ್ಕೂ ಅಡ್ಡ ಬರುವುದಿಲ್ಲ. ದೇವನಹಳ್ಳಿಗೂ ಮಂಡ್ಯ ಹತ್ತಿರ: ನೇರ ಗೆರೆಯಲ್ಲಿ ಸುಮಾರು 115 ಕಿ.ಮೀ., ಮೈಸೂರಿನಿಂದ ಸುಮಾರು 150. ಕೆಂಪೇಗೌಡ ನಿಲ್ದಾಣಕ್ಕೆ ಇಳಿಯುವ ವಿಮಾನ, ಮಧ್ಯೆ ಗುಡ್ಡಗಳಿಲ್ಲ ಅಂದುಕೊಂಡರೂ, ಮೈಸೂರಿನ ಪರದೆಯಿಂದ ಸುಮಾರು 6,000 ಅಡಿಯಲ್ಲೇ ಮಾಯವಾಗುತ್ತದೆ. ಮಂಡ್ಯದವರಿಗೆ ಅದು 4,000 ಅಡಿಯ ಆಸುಪಾಸಿನವರೆಗೂ ಸಿಗಬಹುದು. ನಿಲ್ದಾಣದ ರನ್‌ವೇಯೇ ಸಮುದ್ರಮಟ್ಟದಿಂದ 3,000 ಅಡಿ ಎತ್ತರದಲ್ಲಿದೆ ಅನ್ನುವುದು ನೆನಪಿರಲಿ.

ಕಣ್ಣೂರು, ಕೋಯಿಕ್ಕೋಡ್ ನಿಲ್ದಾಣಗಳು ಕೂಡ ಮೈಸೂರಿನಿಂದ ನೇರ ದೂರದಲ್ಲಿ 150 ಕಿ.ಮೀ. ಒಳಗೇ ಇವೆ. ಆದರೆ ಅವು ಘಟ್ಟದ ಕೆಳಗೆ. ಅಲ್ಲಿ ರನ್‌ವೇ ಮುಟ್ಟುವ ವಿಮಾನ ನಮಗೆ ಕಾಣುವ ಮಾತೇ ಇಲ್ಲ.

ಹೆಜ್ಜೆ 2: ಆಂಟೆನಾ ಮಾಡುವುದು

1090 ಮೆಗಾಹರ್ಟ್ಸ್‌ನ ಅಲೆಯ ಉದ್ದ 27.5 ಸೆಂ.ಮೀ. ಅದರ ಕಾಲು ಭಾಗ 69 ಮಿ.ಮೀ. ಈ ಸಂಖ್ಯೆ ಒಂದು ನೆನಪಿದ್ದರೆ ಸಾಕು. ಮಾಡುವುದು ಜೇಡನ ಆಕಾರದ ಆಂಟೆನಾ: ನೆಟ್ಟಗೆ ನಿಂತ ಒಂದು ಕಡ್ಡಿ, ಕೆಳಗೆ ಚಾಚಿದ ನಾಲ್ಕು ಕಾಲು.

ನಾಲ್ಕು ಮೂಲೆಯಲ್ಲಿ ತೂತು ಇರುವ, ಪೆಟ್ಟಿಗೆಗೆ ಕೂರಿಸುವ ಬಗೆಯ ಎನ್-ಟೈಪ್ ಫೀಮೇಲ್ ಸಾಕೆಟ್ ಒಂದು ತನ್ನಿ. ಎರಡು ಮಿ.ಮೀ. ಆಸುಪಾಸು ದಪ್ಪದ ಗಟ್ಟಿ ತಾಮ್ರದ ತಂತಿ ಬೇಕು. ಈಗಿನ ವೈರಿಂಗ್ ತಂತಿಯಲ್ಲಿ ಸಣ್ಣ ಎಳೆಗಳ ಕಟ್ಟು ಇರುತ್ತದೆ, ಅದು ನಿಲ್ಲುವುದಿಲ್ಲ. ಹಳೆ ಮನೆ ಕೆಡವಿದಾಗ ಸಿಗುವ ಒಂಟಿ ಎಳೆಯ ತಂತಿ ಇದಕ್ಕೆ ಹೇಳಿ ಮಾಡಿಸಿದ್ದು.

ತಂತಿಯ ಮೇಲಿನ ಪ್ಲಾಸ್ಟಿಕ್ ಸುಲಿದು ಉಪ್ಪುಕಾಗದದಲ್ಲಿ ಹೊಳೆಯುವವರೆಗೆ ಉಜ್ಜಿ. ಐದು ತುಂಡು ಕತ್ತರಿಸಿ, ಒಂದೊಂದೂ 85 ಮಿ.ಮೀ. ಮೊದಲು ಮಧ್ಯದ ಕಡ್ಡಿ. ಸಾಕೆಟ್‌ನ ನಡುವಿನ ಪಿನ್‌ನಲ್ಲಿ ಪುಟ್ಟ ಬಟ್ಟಲಿನಂತಹ ಗುಳಿ ಇರುತ್ತದೆ. ಅದನ್ನು ಬಿಸಿ ಮಾಡಿ, ಸ್ವಲ್ಪ ಬೆಸುಗೆ ತುಂಬಿ, ಕಡ್ಡಿಯನ್ನು ನೆಟ್ಟಗೆ ಇಳಿಸಿ ಅಲುಗದ ಹಾಗೆ ಹಿಡಿಯಿರಿ. ಬೆಸುಗೆ ಗಟ್ಟಿಯಾದ ಮೇಲೆ ಅದರ ಮೈ ಹೊಳೆಯಬೇಕು. ಮಂಕಾಗಿ ಕಾಳುಕಾಳಾಗಿ ಕಂಡರೆ ಬಿಸಿ ಸಾಲದು, ಇನ್ನೊಮ್ಮೆ ಮಾಡಿ. ಈಗ ಸಾಕೆಟ್‌ನ ಲೋಹದ ತಟ್ಟೆಯಿಂದ ಕಡ್ಡಿಯ ತುದಿಗೆ ಅಳೆದು 69 ಮಿ.ಮೀ.ಗೆ ಕತ್ತರಿಸಿ. ಪಿನ್‌ನ ಉದ್ದವೂ ಈ ಅಳತೆಯೊಳಗೇ ಸೇರುತ್ತದೆ. ಜಾಸ್ತಿ ಜನ ಎಡವುವುದು ಇಲ್ಲೇ.

ಆಮೇಲೆ ಕಾಲುಗಳು. ತಂತಿಯ ಒಂದು ತುದಿಯನ್ನು ಉಂಗುರದ ಹಾಗೆ ಬಗ್ಗಿಸಿ, ಮೂಲೆಯ ತೂತಿಗೆ 3 ಮಿ.ಮೀ. ನಟ್ಟು ಬೋಲ್ಟಿನಲ್ಲಿ ಬಿಗಿಯಿರಿ. ನಾಲ್ಕನ್ನೂ 69 ಮಿ.ಮೀ.ಗೆ ಕತ್ತರಿಸಿ 45 ಡಿಗ್ರಿ ಕೆಳಕ್ಕೆ ಬಗ್ಗಿಸಿ. ಈ ಕೋನ ಅಂದಕ್ಕಾಗಿ ಇರುವುದಲ್ಲ. ಕಾಲುಗಳು ಮಟ್ಟಸವಾಗಿದ್ದರೆ ಆಂಟೆನಾದ ಇಂಪೀಡೆನ್ಸ್, ಅಂದರೆ ಸಂಕೇತಕ್ಕೆ ಅದು ಒಡ್ಡುವ ತಡೆ, ಸುಮಾರು 36 ಓಮ್ ಇರುತ್ತದೆ. ಬಗ್ಗಿಸಿದಾಗ 50ರ ಹತ್ತಿರ ಬಂದು ಕೇಬಲ್‌ಗೆ ಹೊಂದುತ್ತದೆ.

ಆಂಟೆನಾ ಯಾವಾಗಲೂ ನೆಟ್ಟಗೇ ನಿಲ್ಲಬೇಕು. ವಿಮಾನದ ಆಂಟೆನಾ ಕೂಡ ನೆಟ್ಟಗಿನದೇ. ಮಳೆಗೆ ರಕ್ಷಣೆಯಾಗಿ ಇಡೀ ಜೇಡವನ್ನು ಮುಚ್ಚುವಷ್ಟು ಅಗಲದ ಪಿವಿಸಿ ಪೈಪಿನ ತುಂಡು ಇಟ್ಟು ತಲೆಗೆ ಕ್ಯಾಪ್ ಹಾಕಬಹುದು. ಪಿವಿಸಿ ಈ ಅಲೆಗೆ ಅಡ್ಡ ಬರುವುದಿಲ್ಲ. ಕೆಳಗಿನ ಬಾಯಿ ಪೂರ್ತಿ ಮುಚ್ಚಬೇಡಿ, ಒಳಗೆ ಕಟ್ಟುವ ನೀರು ಇಳಿದು ಹೋಗಲಿ.

ಹೆಜ್ಜೆ 3: ಕೇಬಲ್

ಕೇಬಲ್ ಎಷ್ಟು ಗಿಡ್ಡವೋ ಅಷ್ಟು ಒಳ್ಳೆಯದು. ಡಿಶ್ ಟಿವಿಗೆ ಎಳೆಯುವ ಆರ್‌ಜಿ6 ಕೇಬಲ್ ಈ ಕೆಲಸಕ್ಕೆ ಚೆನ್ನಾಗಿದೆ: 10 ಮೀಟರ್‌ಗೆ ಸುಮಾರು 2 ಡೆಸಿಬೆಲ್ ನಷ್ಟ. ತೆಳ್ಳಗಿನ ಆರ್‌ಜಿ58 ಹಾಕಿದರೆ ಅದೇ ದೂರಕ್ಕೆ 5–6 ಹೋಗುತ್ತದೆ. 6 ಡೆಸಿಬೆಲ್ ಅಂದರೆ ಬಂದ ಸಂಕೇತದಲ್ಲಿ ಕಾಲು ಭಾಗ ಮಾತ್ರ ಉಳಿದ ಹಾಗೆ. ಆರ್‌ಜಿ6 75 ಓಮ್‌ನದು, ಆಂಟೆನಾ 50ರದು. ಈ ವ್ಯತ್ಯಾಸದಿಂದ ಆಗುವ ನಷ್ಟ ತೀರಾ ಸಣ್ಣದು, ತಲೆ ಕೆಡಿಸಿಕೊಳ್ಳಬೇಡಿ. ಕೇಬಲ್‌ನ ಎರಡು ತುದಿಗೂ ಎಫ್ ಕನೆಕ್ಟರ್, ಆಂಟೆನಾ ಕಡೆ ಎಫ್‌ನಿಂದ ಎನ್‌ಗೆ, ಡಾಂಗಲ್ ಕಡೆ ಎಫ್‌ನಿಂದ ಎಸ್‌ಎಂಎಗೆ ಅಡಾಪ್ಟರ್.

ಒಂದು ಎಚ್ಚರಿಕೆ. ಮನೆಯಲ್ಲಿ ಈಗಾಗಲೇ ಇರುವ ಡಿಶ್ ಕೇಬಲ್ ಬಳಸುವುದಾದರೆ ಅದು ಸೆಟ್‌ಟಾಪ್ ಬಾಕ್ಸ್‌ನಿಂದ ಪೂರ್ತಿ ಬಿಡಿಸಿದ್ದೇ ಎಂದು ಎರಡು ಸಲ ನೋಡಿ. ಆ ಬಾಕ್ಸ್ ಕೇಬಲ್‌ನೊಳಗೆ 13 ಅಥವಾ 18 ವೋಲ್ಟ್ ಕಳಿಸುತ್ತದೆ. ಡಾಂಗಲ್‌ಗೆ ಅದು ತಗುಲಿದರೆ ಸುಟ್ಟು ಹೋಗಬಹುದು.

ಪೈ ಮತ್ತು ಡಾಂಗಲ್ ಇಡಲು ಮೆಟ್ಟಿಲು ಕೋಣೆಯ ಒಳಗಿನ ನೆರಳು ಒಳ್ಳೆಯ ಜಾಗ. ಏಪ್ರಿಲ್ ಬಿಸಿಲಿಗೆ ತಾರಸಿಯ ಮೇಲಿನ ಮುಚ್ಚಿದ ಡಬ್ಬದಲ್ಲಿ ಎರಡೂ ಬೇಯುತ್ತವೆ.

ಹೆಜ್ಜೆ 4: ಸಾಫ್ಟ್‌ವೇರ್

ಹಿಂದೆ ಇದಕ್ಕೆ ಸಾಲು ಸಾಲು ಕಮಾಂಡ್ ಬರೆಯಬೇಕಿತ್ತು. ಸಾಲ್ವತೋರೆ ಸಾನ್‌ಫಿಲಿಪ್ಪೊ ಎಂಬ ಇಟಲಿಯ ಪ್ರೋಗ್ರಾಮರ್ ಬರೆದ ಡಂಪ್1090 ಎಂಬ ತಂತ್ರಾಂಶದಿಂದ ಇದೆಲ್ಲ ಬೆಳೆಯಿತು. ಅದರ ವಂಶದ ರೀಡ್‌ಎಸ್‌ಬಿ ಸಂದೇಶಗಳನ್ನು ಬಿಡಿಸುತ್ತದೆ, ಟಾರ್1090 ನಕ್ಷೆ ತೋರಿಸುತ್ತದೆ. ಈಗ ಇವೆರಡನ್ನೂ ಒಳಗಿಟ್ಟುಕೊಂಡ ಸಿದ್ಧ ಇಮೇಜ್, ಅಂದರೆ ಕಾರ್ಡ್‌ಗೆ ಹಾಗೇ ಬರೆಯಬಹುದಾದ ಒಂದು ಫೈಲ್, ಸಿಗುತ್ತದೆ, ಎಡಿಎಸ್-ಬಿ ಫೀಡರ್ ಇಮೇಜ್ ಅನ್ನುವ ಹೆಸರಿನಲ್ಲಿ. ಹೊಸಬರು ಇದನ್ನೇ ಹಿಡಿಯಿರಿ.

ನಿಮ್ಮ ಪೈಗೆ ಹೊಂದುವ ಇಮೇಜ್ ಡೌನ್‌ಲೋಡ್ ಮಾಡಿ. ರಾಸ್ಪ್‌ಬೆರಿ ಪೈ ಇಮೇಜರ್ ತೆರೆದು 'ಯೂಸ್ ಕಸ್ಟಮ್' ಆರಿಸಿ, ಆ ಫೈಲ್ ಕೊಟ್ಟು ಕಾರ್ಡ್‌ಗೆ ಬರೆಯಿರಿ. ಕಾರ್ಡ್ ಪೈಗೆ ಹಾಕಿ, ಮೊದಲ ಸಲವಾದರೂ ನೆಟ್‌ವರ್ಕ್ ಕೇಬಲ್‌ನಿಂದಲೇ ರೂಟರ್‌ಗೆ (ಆ ಕಿಂಡಿ ಇಲ್ಲದ ಪೈ ಜೀರೊ 2 ಡಬ್ಲ್ಯೂ ಆದರೆ ವೈಫೈನಿಂದ) ಜೋಡಿಸಿ, ಡಾಂಗಲ್ ಚುಚ್ಚಿ, ಪವರ್ ಕೊಡಿ. ಮೊದಲ ಚಾಲನೆಗೆ ಕೆಲವು ನಿಮಿಷ ಹಿಡಿಯುತ್ತದೆ, ಅವಸರಪಟ್ಟು ಪ್ಲಗ್ ಕೀಳಬೇಡಿ. ಆಮೇಲೆ ರೂಟರ್‌ನ ಪುಟದಲ್ಲಿ ಹೊಸದಾಗಿ ಸೇರಿದ ಸಾಧನದ ಐಪಿ ವಿಳಾಸ ನೋಡಿ. 192.168ರಿಂದ ಶುರುವಾಗುವುದು ಸಾಮಾನ್ಯ. ಅದನ್ನು ಫೋನ್ ಅಥವಾ ಲ್ಯಾಪ್‌ಟಾಪ್‌ನ ಬ್ರೌಸರ್‌ನಲ್ಲಿ ಹಾಕಿದರೆ ಸೆಟಪ್ ಪುಟ ಬರುತ್ತದೆ.

ಅಲ್ಲಿ ಅಕ್ಷಾಂಶ, ರೇಖಾಂಶ, ಆಂಟೆನಾದ ಎತ್ತರ ಕೇಳುತ್ತದೆ. ಗೂಗಲ್ ಮ್ಯಾಪ್ಸ್‌ನಲ್ಲಿ ನಿಮ್ಮ ತಾರಸಿಯ ಮೇಲೆ ಬೆರಳು ಒತ್ತಿ ಹಿಡಿದರೆ ಮೊದಲೆರಡೂ ಸಿಗುತ್ತವೆ. ದಶಾಂಶದ ನಂತರ ಐದು ಅಂಕಿ ಹಾಕಿ, ಆಗ ಸುಮಾರು ಒಂದು ಮೀಟರ್ ನಿಖರತೆ ಬರುತ್ತದೆ. ಎತ್ತರ ಅಂದರೆ ಸಮುದ್ರಮಟ್ಟದಿಂದ: ಮೈಸೂರು ನಗರದ ನೆಲ ಸುಮಾರು 760–770 ಮೀಟರ್, ಅದಕ್ಕೆ ಮನೆಯ ಎತ್ತರ ಸೇರಿಸಿ. ಗೇನ್ ಅನ್ನು, ಅಂದರೆ ಬಂದ ಸಂಕೇತವನ್ನು ಎಷ್ಟು ಹೆಚ್ಚಿಸಬೇಕು ಅನ್ನುವುದನ್ನು, ಆಟೊಗೆ ಬಿಡಿ. ಸೇವ್ ಮಾಡಿ ನಕ್ಷೆ ತೆರೆಯಿರಿ. ಆಂಟೆನಾ ಸರಿಯಾಗಿದ್ದರೆ ಒಂದೆರಡು ನಿಮಿಷದಲ್ಲೇ ಮೊದಲ ವಿಮಾನ ಬರುತ್ತದೆ.

ಏನೂ ಬರದಿದ್ದರೆ ಮೊದಲು ಪವರ್ ಅಡಾಪ್ಟರ್, ಆಮೇಲೆ ಎಫ್ ಕನೆಕ್ಟರ್‌ನೊಳಗೆ ಜಾಲರಿಯ ಎಳೆ ನಡುತಂತಿಗೆ ತಾಗಿದೆಯೇ ಎಂದು ನೋಡಿ. ಸಾಮಾನ್ಯವಾಗಿ ಈ ಎರಡರಲ್ಲೇ ಇರುತ್ತದೆ ತೊಂದರೆ.

ಹೆಜ್ಜೆ 5: ನಕ್ಷೆ ಓದುವುದು

ಒಂದು ವಿಮಾನದ ಮೇಲೆ ಒತ್ತಿ. ಮೊದಲು ಕಾಣುವ ಆರು ಅಕ್ಷರದ ಸಂಕೇತ ಆ ವಿಮಾನದ 24 ಬಿಟ್ ವಿಳಾಸ. ದೇಶದಿಂದ ದೇಶಕ್ಕೆ ಇದರ ಮೊದಲ ಅಂಕಿಗಳು ಬೇರೆ. ಭಾರತದಲ್ಲಿ ನೋಂದಾಯಿಸಿದವು 80ರಿಂದ ಶುರುವಾಗುತ್ತವೆ, ಶ್ರೀಲಂಕಾದವು 770ರಿಂದ, ಸಿಂಗಪುರದವು 768ರಿಂದ, ಯುಎಇಯವು 896ರಿಂದ. ಕಾಲ್‌ಸೈನ್‌ನಲ್ಲಿ ಐಜಿಒ ಅಂದರೆ ಇಂಡಿಗೊ, ಎಐಸಿ ಅಂದರೆ ಏರ್ ಇಂಡಿಯಾ, ಎಎಕ್ಸ್‌ಬಿ ಅಂದರೆ ಏರ್ ಇಂಡಿಯಾ ಎಕ್ಸ್‌ಪ್ರೆಸ್. ಎಲ್ಲಿಂದ ಎಲ್ಲಿಗೆ ಅನ್ನುವುದನ್ನು ವಿಮಾನ ಹೇಳುವುದಿಲ್ಲ. ಕಾಲ್‌ಸೈನ್ ಹಿಡಿದು ಅಂತರ್ಜಾಲದ ಪಟ್ಟಿಯಲ್ಲಿ ಹುಡುಕಿ ತೋರಿಸುವುದು ಅದು, ಆಗಾಗ ತಪ್ಪೂ ಇರುತ್ತದೆ.

ವೇಗ ನಾಟ್‌ನಲ್ಲಿ ಇರುತ್ತದೆ. ಒಂದು ನಾಟ್ ಅಂದರೆ ಗಂಟೆಗೆ 1.852 ಕಿ.ಮೀ. 450 ನಾಟ್ ಅಂದರೆ ಗಂಟೆಗೆ 833 ಕಿ.ಮೀ. ಮೈಸೂರಿನಿಂದ ಮಂಡ್ಯಕ್ಕೆ ಮೂರು ನಿಮಿಷವೂ ಬೇಡ! ಎತ್ತರ ಅಡಿಯಲ್ಲಿ ಇರುತ್ತದೆ. ಅದು ಗಾಳಿಯ ಒತ್ತಡದಿಂದ ಲೆಕ್ಕ ಹಾಕಿದ ಎತ್ತರ, ನೆಲದಿಂದ ಅಲ್ಲ. ಮಂಡಕಳ್ಳಿ ನಿಲ್ದಾಣವೇ ಸಮುದ್ರಮಟ್ಟದಿಂದ 2,300 ಅಡಿಗೂ ಮೇಲಿದೆ. ಅಲ್ಲಿಗೆ ಇಳಿಯಲು ಬರುವ ಎಟಿಆರ್ ಎಂಬ ಸಣ್ಣ ವಿಮಾನ 4,400 ಅಡಿ ಎಂದು ತೋರಿಸಿದರೆ ನಂಜನಗೂಡು ರಸ್ತೆಯಿಂದ ಅದು ಸುಮಾರು 2,000 ಅಡಿ ಮೇಲಿದೆ ಅಷ್ಟೇ. ಹೊರಗೆ ಬಂದು ತಲೆ ಎತ್ತಿ ನೋಡಿ, ಕಾಣುತ್ತದೆ.

ನಕ್ಷೆಯ ಮೇಲೆ ಸ್ಕೇಲ್ ಇಟ್ಟು ದೇವನಹಳ್ಳಿಯಿಂದ ಕಣ್ಣೂರಿಗೆ ಗೆರೆ ಎಳೆದರೆ ಅದು ಪಾಂಡವಪುರದ ಆಸುಪಾಸಿನಲ್ಲಿ ಹಾಯುತ್ತದೆ. ಕೋಯಿಕ್ಕೋಡ್‌ನ ಗೆರೆ ಮೈಸೂರಿನ ಪೂರ್ವಕ್ಕೆ ಹಾದು ಹೋಗುತ್ತದೆ. ವಿಮಾನಗಳು ಸ್ಕೇಲ್ ಹಿಡಿದಂತೆ ಹಾರುವುದಿಲ್ಲ ನಿಜ. ಆದರೆ ಕೆಲವು ದಿನ ನೋಡಿದರೆ ಯಾವ ದಾರಿ ಯಾವುದಕ್ಕೆ ಅನ್ನುವುದು ತಾನೇ ರೂಢಿಯಾಗುತ್ತದೆ.

ವಿಮಾನ ಕಳಿಸುವ ನಾಲ್ಕು ಅಂಕಿಯ ಗುರುತಿಗೆ ಸ್ಕ್ವಾಕ್ ಎಂದು ಹೆಸರು. 7500, 7600, 7700 ಎಂಬ ಸ್ಕ್ವಾಕ್ ಸಂಕೇತಗಳು ಕ್ರಮವಾಗಿ ಅಪಹರಣ, ರೇಡಿಯೊ ವೈಫಲ್ಯ ಮತ್ತು ತುರ್ತು ಸ್ಥಿತಿಗೆ. ಯಾವತ್ತಾದರೂ ಕಂಡರೆ ತಕ್ಷಣ ಎಲ್ಲ ಗುಂಪುಗಳಿಗೆ ಕಳಿಸಬೇಡಿ. ಆ ವಿಮಾನದೊಳಗೆ ಇರುವವರ ಮನೆಯವರೂ ಅದನ್ನು ಓದುತ್ತಾರೆ. ವಾಯುಪಡೆಯ ವಿಮಾನಗಳು ಕೆಲವೊಮ್ಮೆ ಕಾಣುತ್ತವೆ, ಕೆಲವೊಮ್ಮೆ ಇಲ್ಲ. ಕಂಡದ್ದನ್ನು ಹಂಚಿಕೊಳ್ಳಬೇಡಿ.

ಹೆಜ್ಜೆ 6: ತಿದ್ದುವುದು, ಹಂಚುವುದು

ಒಂದು ವಾರ ಓಡಲು ಬಿಟ್ಟ ಮೇಲೆ ನಕ್ಷೆಯಲ್ಲಿ ನಿಜವಾದ ವ್ಯಾಪ್ತಿಯ ಗೆರೆ ನೋಡಿ. 'ಹೇ ವಾಟ್ಸ್ ದಟ್' ಎಂಬ ತಾಣ ಗುಡ್ಡಬೆಟ್ಟಗಳನ್ನು ಲೆಕ್ಕಕ್ಕೆ ತೆಗೆದುಕೊಂಡು ನಿಮ್ಮ ಜಾಗದಿಂದ ಎಷ್ಟು ಕಾಣಬೇಕು ಎಂದು ಹೇಳುತ್ತದೆ. ಎರಡನ್ನೂ ಒಂದರ ಮೇಲೊಂದು ಇಟ್ಟು, ಹೆಬ್ಬೆರಳಿನಲ್ಲಿ ಅಳೆದ ಹಾಳೆಯನ್ನೂ ತೆಗೆಯಿರಿ. ಒಂದು ದಿಕ್ಕಿನಲ್ಲಿ ಮಾತ್ರ ಗೆರೆ ಒಳಕ್ಕೆ ಕಚ್ಚಿದ್ದರೆ ಅಲ್ಲೊಂದು ಟ್ಯಾಂಕ್ ಅಥವಾ ಮರ ಇದೆ. ಪೈಪ್ ಒಂದಡಿ ಏರಿಸಿ ಅಥವಾ ಜಾಗ ಬದಲಿಸಿ. ಎಲ್ಲ ದಿಕ್ಕಿನಲ್ಲೂ ಸಮನಾಗಿ ಕಡಿಮೆ ಇದ್ದರೆ ಕೇಬಲ್ ಅಥವಾ ಬೆಸುಗೆ ನೋಡಿ. ಹತ್ತಿರದ ವಿಮಾನಗಳೇ ತಪ್ಪಿ ತಪ್ಪಿ ಬಂದರೆ ಗೇನ್ ಜಾಸ್ತಿಯಾಗಿದೆ, ಇಳಿಸಿ.

ನಿಮ್ಮ ಮಾಹಿತಿಯನ್ನು ಫ್ಲೈಟ್‌ರಾಡಾರ್24, ಫ್ಲೈಟ್‌ಅವೇರ್, ಓಪನ್‌ಸ್ಕೈ ಮೊದಲಾದ ಜಾಲಗಳಿಗೆ ಕಳಿಸಬಹುದು. ಮೊದಲೆರಡು ಅದಕ್ಕೆ ಪ್ರತಿಯಾಗಿ ಹಣ ಕೊಟ್ಟು ಪಡೆಯುವ ಖಾತೆಯನ್ನು ಉಚಿತವಾಗಿ ಕೊಡುತ್ತವೆ. ಹಂಚುವುದರಲ್ಲಿ ಇನ್ನೊಂದು ಲಾಭ ಇದೆ. ಜಾಗ ಹೇಳದ ವಿಮಾನವನ್ನು ಸಾಮಾನ್ಯವಾಗಿ ನಾಲ್ಕು ರಿಸೀವರ್‌ಗಳು ಒಟ್ಟಿಗೆ ಕೇಳಿದರೆ, ಸಂಕೇತ ತಲುಪಿದ ಸಮಯದ ವ್ಯತ್ಯಾಸದಿಂದ ಅದರ ಜಾಗ ಕಂಡುಹಿಡಿಯಬಹುದು. ಮಂಡ್ಯ, ಮದ್ದೂರು, ಹುಣಸೂರು, ಕೊಳ್ಳೇಗಾಲದಲ್ಲಿ ಒಂದೊಂದು ತಾರಸಿ ಸೇರಿದರೆ ಈ ಭಾಗದ ಆಕಾಶದಲ್ಲಿ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ನನಗೆ ಈ ಹವ್ಯಾಸದಲ್ಲಿ ಎಲ್ಲಕ್ಕಿಂತ ಇಷ್ಟವಾದ ಭಾಗ ಇದೇ. ನಕ್ಷೆಯ ಚಿತ್ರ ಹಂಚುವಾಗ ಮಾತ್ರ ನಿಮ್ಮ ಮನೆಯ ಗುರುತನ್ನು ಅಳಿಸಿ.

ಕರೆಂಟು, ಸಿಡಿಲು, ಕೋತಿ

ಪೈ ಮತ್ತು ಡಾಂಗಲ್ ಸೇರಿ 4 ವ್ಯಾಟ್ ಆಸುಪಾಸು ತೆಗೆದುಕೊಂಡರೆ ತಿಂಗಳಿಗೆ 3 ಯೂನಿಟ್ ಆಗುತ್ತದೆ. ಬಿಲ್‌ಗಿಂತ ಚಿಂತೆ ಮಾಡಬೇಕಾದದ್ದು ಪದೇ ಪದೇ ಹೋಗಿ ಬರುವ ಕರೆಂಟಿನ ಬಗ್ಗೆ. ಬರೆಯುತ್ತಿರುವಾಗ ಕರೆಂಟು ಹೋದರೆ ಎಸ್‌ಡಿ ಕಾರ್ಡ್ ಕೆಡಬಹುದು. ಮನೆಯ ಇನ್ವರ್ಟರ್ ಲೈನಿಗೇ ಜೋಡಿಸಿ. ಸೆಟಪ್ ಮುಗಿದ ಮೇಲೆ ಬ್ಯಾಕಪ್ ಫೈಲ್ ಇಳಿಸಿಟ್ಟುಕೊಳ್ಳಿ.

ಪೈಪ್ ನಿಲ್ಲಿಸುವಾಗ ವಿದ್ಯುತ್ ತಂತಿ ಎಲ್ಲಿದೆ ನೋಡಿ. ಪೈಪ್ ಯಾವ ಕಡೆ ಬಿದ್ದರೂ ತಂತಿಗೆ ತಾಗದಷ್ಟು ದೂರ ಇರಲೇಬೇಕು. ಅಶ್ವಿನಿ, ಭರಣಿ ಮಳೆಯ ಕಾಲದಲ್ಲಿ, ಅಂದರೆ ಏಪ್ರಿಲ್–ಮೇ ತಿಂಗಳಲ್ಲಿ, ಸಂಜೆ ಮೋಡ ಕಟ್ಟಿತೆಂದರೆ ಗುಡುಗು ಕೇಳುವ ಮೊದಲೇ ಡಾಂಗಲ್‌ನಿಂದ ಆಂಟೆನಾ ಕೇಬಲ್ ಬಿಚ್ಚಿಡಿ. ಗುಡುಗು ಶುರುವಾದ ಮೇಲೆ ತಾರಸಿಗೆ ಹೋಗಲೇಬೇಡಿ. ಲೋಹದ ಪೈಪ್ ಹಾಕಿದ್ದರೆ ಎಲೆಕ್ಟ್ರೀಷಿಯನ್‌ನನ್ನು ಕರೆಸಿ ಸರಿಯಾದ ಅರ್ತಿಂಗ್ ಮಾಡಿಸಿ.

ಕೋತಿಗಳ ಕಾಟ ಇರುವ ಬಡಾವಣೆಯಲ್ಲಿ ಕೇಬಲ್ ಜೋತಾಡಲು ಬಿಡಬೇಡಿ. ಅಡಿಗೊಂದು ಕ್ಲಾಂಪ್ ಹೊಡೆದು ಗೋಡೆಗೆ ಅಂಟಿಸಿ. ಹೊರಗಿನ ಕನೆಕ್ಟರ್‌ಗಳಿಗೆ ತನ್ನಷ್ಟಕ್ಕೆ ಅಂಟಿಕೊಳ್ಳುವ ರಬ್ಬರ್ ಟೇಪ್ ಎಳೆದೆಳೆದು ಸುತ್ತಿ, ಕೆಳಗಿನಿಂದ ಶುರು ಮಾಡಿ ಮೇಲಕ್ಕೆ, ಆಗ ಮಳೆನೀರು ಸುತ್ತಿನ ಒಳಗೆ ನುಗ್ಗುವುದಿಲ್ಲ. ಡಾಂಗಲ್‌ಗೆ ಹೋಗುವ ಮುಂಚೆ ಕೇಬಲ್ ಅನ್ನು ಒಮ್ಮೆ ಕೆಳಕ್ಕೆ ಇಳಿಬಿಟ್ಟು ಮೇಲಕ್ಕೆ ತನ್ನಿ. ಮೈ ಮೇಲೆ ಹರಿದು ಬಂದ ನೀರು ಆ ತಿರುವಿನಲ್ಲೇ ತೊಟ್ಟಿಕ್ಕಿ ಹೋಗುತ್ತದೆ. ಪ್ರತಿ ಮಳೆಗಾಲ ಮುಗಿದ ಮೇಲೆ ಟೇಪ್ ಬಿಚ್ಚಿ ಕನೆಕ್ಟರ್ ನೋಡಿ. ಹಸಿರು ಬಣ್ಣ ಹಿಡಿದಿದ್ದರೆ ಬದಲಿಸಿ.